ಸ್ಟೀರಾಯ್ಡ್ ಶುರುವಾದ ಮೇಲೆ ಮಗ ದಪ್ಪ ಆಗುತ್ತಿದ್ದಾನೆ, ಊಟ ಕಡಿಮೆ ಮಾಡಲಾ?

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರದ ಹತ್ತಿರ. ಮಗನಿಗೆ 9 ವರ್ಷ. ಜೆಐಎ ಅಂತೆ, ಮಕ್ಕಳಿಗೆ ಬರುವ ಕೀಲುವಾತ. ಪ್ರೆಡ್ನಿಸೋಲೋನ್ ಮಾತ್ರೆ ಶುರುವಾಗಿ 3 ತಿಂಗಳು. ಮಂಡಿ ಊತ ಇಳಿದಿದೆ, ಆದರೆ 24 ಕೆಜಿ ಇದ್ದವನು 29 ಆಗಿದ್ದಾನೆ, ಮುಖ ಗುಂಡಗಾಗಿದೆ, ರಾತ್ರಿ ಎದ್ದು ಹಸಿವು ಅಂತ ಅಳುತ್ತಾನೆ. ಸ್ಕೂಲಲ್ಲಿ ‘ಬನ್ನು’ ಅಂತ ಕರೆಯುತ್ತಾರಂತೆ. ಯಜಮಾನರು ಮಾತ್ರೆ ನಿಲ್ಲಿಸೋಣ ಅಂತಾರೆ. ಅತ್ತೆ ನೋಡಿದರೆ ತಟ್ಟೆಗೆ ತುಪ್ಪ ಸುರಿಯುತ್ತಾರೆ. ಏನು ಮಾಡಲಿ?

ಉತ್ತರ (ಆಹಾರ ತಜ್ಞೆ, ಹಾಸನ): ಮೊದಲು ಯಜಮಾನರಿಗೆ ಹೇಳಿ, ಮಾತ್ರೆ ನಿಲ್ಲಿಸಬೇಡಿ. ನಮ್ಮ ದೇಹವೇ ದಿನಾ ಒಂದಿಷ್ಟು ಸ್ಟೀರಾಯ್ಡ್ ತಯಾರಿಸುತ್ತೆ. ವಾರಗಟ್ಟಲೆ ಹೊರಗಿನಿಂದ ಕೊಟ್ಟಾಗ ಅದನ್ನು ತಯಾರಿಸುವ ಗ್ರಂಥಿ ಕೆಲಸ ನಿಲ್ಲಿಸಿ ಮಲಗಿರುತ್ತೆ. ದಿಢೀರ್ ಅಂತ ಬಿಟ್ಟರೆ ವಾಂತಿ, ಸುಸ್ತು, ಬಿಪಿ ಇಳಿಯೋದು, ಜೀವಕ್ಕೂ ಅಪಾಯ. ಕಡಿಮೆ ಮಾಡೋದು ಡಾಕ್ಟರೇ, ಅದೂ ಹಂತ ಹಂತವಾಗಿ.

ಎರಡನೇದು, ಅವನ ಹಸಿವು ಹಠ ಅಲ್ಲ, ಮಾತ್ರೆಯದು. ಬೈದರೆ, ಉಪವಾಸ ಹಾಕಿದರೆ ಕದ್ದು ತಿನ್ನುತ್ತಾನೆ, ಅಷ್ಟೇ. ಬೆಳೆಯುವ ಮಗು, ತೂಕ ಇಳಿಸೋ ಆತುರ ಬೇಡ. ಜಾಸ್ತಿ ಏರದೆ ನಿಂತರೆ ಸಾಕು, ಎತ್ತರ ಬೆಳೆದ ಹಾಗೆ ಸರಿಹೋಗುತ್ತೆ. ಮುಖದ ಊತವೂ ಡೋಸ್ ಇಳಿದಂತೆ ಇಳಿಯುತ್ತೆ, ಇದನ್ನು ಅವನಿಗೂ ಹೇಳಿ, ಪಾಪ.

ಹೊಟ್ಟೆ ತುಂಬಲಿ, ಆದರೆ ಏನಿಂದ ಅನ್ನೋದು ನೋಡಿ. ಅಕ್ಕಿ ರೊಟ್ಟಿ 3 ಹಾಕುವ ಕಡೆ 1 ಹಾಕಿ, ಜೊತೆಗೆ ಮೊಟ್ಟೆ ಅಥವಾ ಕಾಳಿನ ಪಲ್ಯ ಧಾರಾಳವಾಗಿ. ಮಧ್ಯಾಹ್ನ ಚಿಕ್ಕ ಮುದ್ದೆ, ಬಸ್ಸಾರು, ಸೊಪ್ಪು. ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತೆ, ರಾಗಿ ನಮಗೆ ಅದಕ್ಕೇ ವರ: 100 ಗ್ರಾಂ ಹಿಟ್ಟಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು ಮೊಸರೂ ಇರಲಿ. ರಾತ್ರಿ ಹಸಿವಿಗೆ ಸೌತೆಕಾಯಿ, ಮಜ್ಜಿಗೆ, ಬೇಯಿಸಿದ ಹೆಸರುಕಾಳು ಮೊದಲೇ ಎತ್ತಿಡಿ. ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ ಚಿಪ್ಸ್ ದೂರ ಇಡಿ, ಉಪ್ಪು ನೀರನ್ನು ಹಿಡಿದಿಡುತ್ತೆ, ಬಿಪಿನೂ ಏರಿಸುತ್ತೆ. ಬೇಕರಿ? ಅಯ್ಯಂಗಾರ್ ಬೇಕರಿಗಳ ತವರಲ್ಲಿ ಕೂತು ಬಿಡಿ ಅನ್ನೋಕೆ ನನಗೇ ನಾಚಿಕೆ, ವಾರಕ್ಕೊಮ್ಮೆ ಒಂದು ತುಂಡು ಸಾಕು.

ಅತ್ತೆಯವರ ತುಪ್ಪ ಒಂದೇ ಚಮಚ. ಬಡಿಸೋದೂ ಅವರೇ ಮಾಡಲಿ, ಆಗ ಅವರಿಗೂ ಬೇಜಾರಾಗಲ್ಲ.

ಇನ್ನೊಬ್ಬರು: ನಮ್ಮ ಚಿಕ್ಕಮಗಳೂರಲ್ಲಿ ಒಬ್ಬರು ಗೋಧಿ, ಹಾಲು ಪೂರಾ ಬಿಟ್ಟರೆ ಕೀಲುವಾತ ಹೋಗುತ್ತೆ ಅಂದರು, ನಿಜಾನಾ?

ಉತ್ತರ: ಗೋಧಿ ಪೂರಾ ಬಿಡಬೇಕಾದದ್ದು ಸೀಲಿಯಾಕ್ ಕಾಯಿಲೆ ಇದ್ದವರು. ಅದು ಗೋಧಿ ತಿಂದರೆ ಕರುಳಿಗೆ ಹಾನಿಯಾಗುವ ಬೇರೆ ಕಾಯಿಲೆ, ರಕ್ತಪರೀಕ್ಷೆ ಮಾಡಿಸಿ ತಿಳಿಯಬೇಕು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ರಿಪೋರ್ಟ್ ತಪ್ಪು ಬರಬಹುದು. ಸುಮ್ನೆ ಹಾಲು ಬಿಡಿಸಿದರೆ ಮೂಳೆಗೆ ನಷ್ಟ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಆಟ ಆಡಬಹುದಾ? ಮೊನ್ನೆ ಮಾತ್ರೆ ಕೊಟ್ಟ ಕೂಡಲೇ ವಾಂತಿ ಮಾಡಿದ, ಅದೂ ಭಯ.

ಉತ್ತರ: ಸೈಕಲ್, ನಡಿಗೆ ಆಗಲಿ. ಮಂಡಿ ಊದಿದ ದಿನ ಮಾತ್ರ ಸ್ವಲ್ಪ ವಿಶ್ರಾಂತಿ. ಮಾತ್ರೆ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಿ. ಮತ್ತೆ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮರುದಿನಕ್ಕೆ ಬಿಡಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ.