ಸ್ಕ್ಯಾನ್ ಮಾಡಿದ ಪಾಠಗಳನ್ನು ಓದುವುದು ಹೇಗೆ?

ಪ್ರಶ್ನೆ:
ನಾನು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ, ನನಗೆ ದೃಷ್ಟಿಯಿಲ್ಲ. ನಮಗೆ ಹಂಚುವ ಅಧ್ಯಾಯಗಳು ಬಹುಪಾಲು ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಾಗಿದ್ದು, ತೆರೆದರೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಪುಟಸಂಖ್ಯೆ ಹೇಳಿ ಸುಮ್ಮನಾಗುತ್ತದೆ, ಏಕೆಂದರೆ ಅದರ ಪಾಲಿಗೆ ಅಲ್ಲಿರುವುದು ಅಕ್ಷರವಲ್ಲ, ಬರಿಯ ಚಿತ್ರ. ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರ) ಮಾಡಿಸಿದರೆ ಗದ್ಯವೇನೋ ದಕ್ಕುತ್ತದೆ. ಸಮೀಕರಣದಲ್ಲಿ ಮಾತ್ರ ‘ಎಕ್ಸ್‌ನ ವರ್ಗ’ವು ‘ಎಕ್ಸ್ ಎರಡು’ ಆಗಿ, ಭಿನ್ನರಾಶಿಯ ಗೆರೆಯೇ ಮಾಯವಾಗಿರುತ್ತದೆ. ಕೊಡುವುದಿಲ್ಲವೆಂದು ಯಾವ ಅಧ್ಯಾಪಕರೂ ಹೇಳಿಲ್ಲ, ಆದರೆ ಓದಲು ಬರುವ ಪ್ರತಿ ಕೈಸೇರುವಷ್ಟರಲ್ಲಿ ಆ ಪಾಠದ ಚರ್ಚೆ ಮುಗಿದಿರುತ್ತದೆ. ಪ್ರತಿ ಸೆಮಿಸ್ಟರ್ ಹೊಸ ಅಧ್ಯಾಪಕರೆದುರು ಅದೇ ಅಂಗವೈಕಲ್ಯ ಪ್ರಮಾಣಪತ್ರ ಹಿಡಿದು ನಿಲ್ಲುವುದು ಓದಿಗಿಂತ ಹೆಚ್ಚು ದಣಿಸುತ್ತದೆ. ನೀವು ಹೇಗೆ ನಿಭಾಯಿಸಿದಿರಿ?

ಉತ್ತರ 1:
ಪಿಡಿಎಫ್ ಕೇಳಬೇಡಿ, ಅದನ್ನು ತಯಾರಿಸಿದ ಮೂಲ ಕಡತವನ್ನೇ ಕೇಳಿ. ಅಧ್ಯಾಪಕರು ಟಿಪ್ಪಣಿಯನ್ನು ಗಣಿತವಿರುವ ಬರಹಗಳಿಗೆ ಬಳಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಬರೆದಿದ್ದರೆ ಘಾತವೂ ಭಿನ್ನರಾಶಿಯೂ ಅದರಲ್ಲಿ ಅಕ್ಷರರೂಪದಲ್ಲೇ ಇರುತ್ತವೆ, ಅದನ್ನು ಸಮೀಕರಣದ ರಚನೆಯನ್ನು ಗಣಕಕ್ಕೆ ತಿಳಿಯುವಂತೆ ಗುರುತಿಸಿಡುವ ಮ್ಯಾಥ್‌ಎಂಎಲ್‌ಗೆ ಪರಿವರ್ತಿಸಿಕೊಂಡರೆ ಸ್ಕ್ರೀನ್ ರೀಡರ್ ಸಮೀಕರಣವನ್ನು ಸರಿಯಾಗಿ ಓದಬಲ್ಲದು. ಪ್ರಕಟಿತ ಪುಸ್ತಕಗಳ ವಿಷಯದಲ್ಲಿ ‘ಗ್ರಂಥಸ್ವಾಮ್ಯ ಅಡ್ಡಬರುತ್ತದೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. 2013ರ ಮರ್ರಕೇಶ್ ಒಪ್ಪಂದ 2016ರಲ್ಲಿ ಜಾರಿಗೆ ಬಂದಿದ್ದು, ಅದನ್ನು ಒಪ್ಪಿದ ದೇಶಗಳಲ್ಲಿ ಅಧಿಕೃತ ಸಂಸ್ಥೆಗಳು ಮುದ್ರಣ ಓದಲಾಗದವರಿಗಾಗಿ ಪ್ರಕಾಶಕರ ಅನುಮತಿಯಿಲ್ಲದೆಯೇ ಪ್ರತಿ ಸಿದ್ಧಪಡಿಸಲು ಅವಕಾಶವಿದೆ.

ಉತ್ತರ 2:
ನನ್ನದು ಶ್ರವಣದೋಷ, ತೊಡಕು ಬೇರೆ, ತಡವಾಗುವ ಬೇನೆ ಒಂದೇ. ಉಪನ್ಯಾಸಕರು ಬೋರ್ಡಿನ ಕಡೆ ತಿರುಗಿದೊಡನೆ ತುಟಿ ಕಾಣದಾಗಿ ಅರ್ಧ ವಾಕ್ಯ ಕೈತಪ್ಪುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನೇನೋ ಕೊಟ್ಟರು; ಆದರೆ ಪ್ರಶ್ನೆಪತ್ರಿಕೆಯ ತಿದ್ದುಪಡಿಯನ್ನು ಬಾಯಿಮಾತಿನಲ್ಲಿ ಹೇಳಿ ಹೋದರು, ನಾನು ತಪ್ಪು ಅಂಕಿಯನ್ನೇ ಹಿಡಿದು ಲೆಕ್ಕ ಮಾಡುತ್ತ ಕುಳಿತೆ. ಅಂದಿನಿಂದ ಏನು ಬೇಕೆಂಬುದನ್ನು ಒಂದು ಪುಟದಲ್ಲಿ ಬರೆದು, ತರಗತಿ ಆರಂಭವಾಗುವ ಮುನ್ನವೇ ವಿಭಾಗದ ಮುಖ್ಯಸ್ಥರ ಮೂಲಕ ಎಲ್ಲ ಅಧ್ಯಾಪಕರಿಗೂ ಕಳುಹಿಸುತ್ತೇನೆ.

ಉತ್ತರ 3:
ನಾನು ಪಾಠ ಮಾಡುವವನು. ವರ್ಷಗಟ್ಟಲೆ ಇಂಥ ಸ್ಕ್ಯಾನ್ ಪ್ರತಿಗಳನ್ನೇ ಹಂಚಿದೆ, ಕೆಟ್ಟ ಮನಸ್ಸಿನಿಂದಲ್ಲ, ಅದು ಯಾರಿಗೂ ತೊಡಕೆಂದು ಹೊಳೆಯದೆ. ಈಗ ಹಂಚುವ ಮೊದಲು ಒಂದು ಸಾಲಿನ ಮೇಲೆ ಮೌಸ್ ಎಳೆದು ನೋಡುತ್ತೇನೆ. ಪದಗಳು ಆಯ್ಕೆಯಾಗದಿದ್ದರೆ ಅದು ಚಿತ್ರವೆಂದೇ ಅರ್ಥ. ಇನ್ನೊಂದು ಮಾತು: ಕೇಳುವಾಗ ದಯವಿಟ್ಟು ಸಂಕೋಚಪಡಬೇಡಿ. 2006ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿ ಉನ್ನತ ಶಿಕ್ಷಣದಲ್ಲಿಯೂ ಸೂಕ್ತ ಹೊಂದಾಣಿಕೆ ಒದಗಿಸಬೇಕೆನ್ನುತ್ತದೆ. ನೀವು ಕೇಳುತ್ತಿರುವುದು ಉಪಕಾರವನ್ನಲ್ಲ.

ಪ್ರಶ್ನೆ ಕೇಳಿದವರು:
ಮೂಲ ಕಡತ ಕೇಳಬಹುದೆಂದು ಇಷ್ಟು ದಿನ ಹೊಳೆದೇ ಇರಲಿಲ್ಲ. ಮುಂದಿನ ಸೆಮಿಸ್ಟರಿನ ಓದುಪಟ್ಟಿಯನ್ನು ಈಗಲೇ ಕೊಡಿಯೆಂದು ಇಂದು ಪತ್ರ ಬರೆದೆ, ಜೊತೆಗೆ ಆ ಒಂದು ಪುಟವನ್ನೂ ಸಿದ್ಧಪಡಿಸುತ್ತಿದ್ದೇನೆ.