ಫಿಲಿಪೀನ್ಸ್‌ನ ಸಾಗೋ ಪಾನೀಯ, ಸಿಹಿತಿಂಡಿ: ಮಾಡಿದವರು ಹೇಳಿದ್ದು

ಪ್ರಶ್ನೆ, ಶಾರ್ಜಾದಿಂದ

ನಮ್ಮ ಪಕ್ಕದ ಫ್ಲಾಟಿನವರು ಫಿಲಿಪೀನ್ಸ್‌ನವರು. ಅವರ ಮನೆಯಲ್ಲಿ ಕುಡಿದ ಸಾಗೋ ಗುಲಾಮನ್ ನನ್ನ ಮಕ್ಕಳಿಗೆ ತುಂಬಾ ಹಿಡಿಸಿಬಿಟ್ಟಿದೆ. ಬೆಲ್ಲದ ಬಣ್ಣದ ತಣ್ಣನೆ ಪಾನಕ, ಒಳಗೆ ದಪ್ಪ ದಪ್ಪ ಸಾಗೋ, ಜೆಲ್ಲಿ ತುಂಡು. ಮಗಳ ಹುಟ್ಟುಹಬ್ಬಕ್ಕೆ ಅದನ್ನೂ ಜೊತೆಗೆ ಇನ್ನೊಂದು ಸಿಹಿಯನ್ನೂ ಮನೆಯಲ್ಲೇ ಮಾಡೋಣ ಅಂತಿದ್ದೇನೆ. ನಮ್ಮ ಸಬ್ಬಕ್ಕಿ ನಡೆಯುತ್ತಾ? ನೆನೆಸಬೇಕಾ? ಹಿಂದಿನ ರಾತ್ರಿಯೇ ಬೇಯಿಸಿಡಬಹುದಾ? ನಾವು ಸಸ್ಯಾಹಾರಿಗಳು, ಜೆಲಟಿನ್ ಆಗಲ್ಲ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ, ಮೈಸೂರಿನಿಂದ

ನಮ್ಮ ಯಜಮಾನರ ಕೆಲಸದ ಮೇಲೆ ಕೆಲವು ವರ್ಷ ಮನಿಲಾದಲ್ಲಿದ್ದೆವು. ಅಲ್ಲಿ ಮನೆ ಓನರ್ ಆಂಟಿಯ ಪಕ್ಕ ನಿಂತು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಕಾಳಿನ ವಿಚಾರ, ಯಾಕಂದ್ರೆ ಎಲ್ಲಾ ಅದರ ಮೇಲೇ ನಿಂತಿದೆ. ಹಿಂದೆ ಅಲ್ಲಿ ಸಾಗೋ ಅಂದರೆ ಸಾಗೋ ತಾಳೆಮರದ ತಿರುಳಿನ ಹಿಟ್ಟಿನದ್ದು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಮರಗೆಣಸಿನದ್ದು. ಸೇಲಂ ಕಡೆಯಿಂದ ಬರುವ ನಮ್ಮ ಸಬ್ಬಕ್ಕಿಯೂ ಮರಗೆಣಸಿನದ್ದೇ. ಹಾಗಾಗಿ ಪದಾರ್ಥ ಒಂದೇ, ಗಾತ್ರ ಮತ್ತು ಮಾಡುವ ರೀತಿ ಬೇರೆ. ಪಾನೀಯಕ್ಕೆ ಅವರು ಹಾಕುವುದು ದಪ್ಪ ಸಾಗೋ, ಒಣಗಿದ್ದಾಗಲೇ ಬಟಾಣಿ ಗಾತ್ರ ಇರುತ್ತೆ. ಶಾರ್ಜಾದಲ್ಲಿ ಫಿಲಿಪಿನೊ ಅಂಗಡಿಗಳಿವೆಯಲ್ಲ, ಅಲ್ಲಿ ಕೇಳಿ. ನಮ್ಮ ಸಬ್ಬಕ್ಕಿ ಹಾಕಿದರೆ ರುಚಿ ಕೆಡಲ್ಲ, ಆದರೆ ಕುಡಿಯುವಾಗ ಹಲ್ಲಿಗೆ ಸಿಗುವ ಆ ಮಜಾ ಇರಲ್ಲ. ಹಾಕಲೇಬೇಕು ಅಂದ್ರೆ ನೈಲಾನ್ ಸಬ್ಬಕ್ಕಿ ತಗೊಳ್ಳಿ, ಅದು ಬೆಂದರೂ ಕಾಳು ಕಾಳಾಗಿ ಉಳಿಯುತ್ತೆ.

ದಪ್ಪ ಸಾಗೋ ನೆನೆಸಬೇಡಿ, ತೊಳೆಯಲೂ ಬೇಡಿ. ಕಿಚಡಿ ಸಬ್ಬಕ್ಕಿಯ ಅಭ್ಯಾಸ ಇದ್ದವರಿಗೆ ಕೈ ತಾನಾಗಿ ನಲ್ಲಿ ಕಡೆ ಹೋಗುತ್ತೆ. ಆದರೆ ತಣ್ಣೀರು ತಾಗಿದರೆ ಈ ಕಾಳು ಪುಡಿಪುಡಿಯಾಗಿ ಪಾತ್ರೆಯ ತಳಕ್ಕೆ ಹಿಟ್ಟಾಗಿ ಕೂರುತ್ತೆ. ಒಂದು ಲೋಟ ಸಾಗೋಗೆ ಎಂಟರಿಂದ ಹತ್ತು ಲೋಟ ನೀರು ಇಡಿ. ನೀರು ಕೊತಕೊತ ಕುದಿಯುವಾಗ ಕಾಳು ಸುರಿಯಿರಿ. ಬಿಸಿ ತಾಗಿದ ಕೂಡಲೇ ಹೊರಪದರ ಬೆಂದು ಗಟ್ಟಿಯಾಗಬೇಕು, ಆಗ ಮಾತ್ರ ಒಳಗಿನ ಹಿಟ್ಟು ಹೊರಗೆ ಬರಲ್ಲ. ಮೊದಲ ಒಂದು ನಿಮಿಷ ಸೌಟು ಹಾಕಬೇಡಿ. ಕಾಳು ಮೇಲೆ ತೇಲಲು ಶುರುವಾದ ಮೇಲೆ ತಳ ಹಿಡಿಯದ ಹಾಗೆ ಮೆತ್ತಗೆ ತಿರುವಿ.

ಮಧ್ಯಮ ಉರಿಯಲ್ಲಿ 30 ನಿಮಿಷ ಕುದಿಸಿ, ಸ್ಟೌ ಆರಿಸಿ, ಮುಚ್ಚಳ ಮುಚ್ಚಿ ಇನ್ನೊಂದು 30 ನಿಮಿಷ ಹಾಗೇ ಬಿಡಿ. ಆಮೇಲೆ ಒಂದು ಕಾಳು ಚಮಚದಲ್ಲಿ ತೆಗೆದು ಬೆಳಕಿಗೆ ಹಿಡಿದು ನೋಡಿ. ಸುತ್ತ ಗಾಜಿನ ಹಾಗೆ ತಿಳಿಯಾಗಿದ್ದು ನಡುವೆ ಬಿಳಿ ಚುಕ್ಕೆ ಕಾಣುತ್ತೆ. ಚುಕ್ಕೆ ಸಾಸಿವೆಯಷ್ಟಿದ್ದರೆ ಸಾಕು, ಮುಚ್ಚಿಟ್ಟ ಬಿಸಿಯಲ್ಲೇ ಹೋಗುತ್ತೆ. ದೊಡ್ಡದಿದ್ದರೆ ಬಿಸಿನೀರು ಸೇರಿಸಿ ಮತ್ತೆ ಕುದಿಸಿ. ಪ್ಯಾಕೆಟಿನಿಂದ ಪ್ಯಾಕೆಟಿಗೆ ಸಮಯ ಬದಲಾಗುತ್ತೆ. ಗಡಿಯಾರಕ್ಕಿಂತ ಆ ಚುಕ್ಕೆಯನ್ನೇ ನಂಬಿ. ಬೆಂದ ಮೇಲೆ ಜರಡಿಯಲ್ಲಿ ಸೋಸಿ ತಣ್ಣೀರು ಹಾಯಿಸಿ, ಅಂಟು ಹೋಗುತ್ತೆ.

ಈಗ ಅರ್ನಿಬಾಲ್, ಅಂದರೆ ಅವರ ಸಕ್ಕರೆ ಪಾಕ. ಎರಡು ಲೋಟ ಬ್ರೌನ್ ಶುಗರ್, ಒಂದೂವರೆ ಲೋಟ ನೀರು, ಗಂಟು ಕಟ್ಟಿದ ಒಂದು ಪಾಂಡಾನ್ ಎಲೆ. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಎಳೆ ಪಾಕ ಬರಬಾರದು, ಸುರಿದರೆ ಹರಿಯಬೇಕು. ಬ್ರೌನ್ ಶುಗರ್ ಬದಲು ಬೆಲ್ಲ ಹಾಕಬಹುದು. ಕರಗಿಸಿ ಸೋಸಿಕೊಳ್ಳಿ ಅಷ್ಟೇ, ನನಗಂತೂ ಬೆಲ್ಲದ್ದೇ ಇಷ್ಟ. ಅಂಗಡಿಯ ಪಾನಕದಲ್ಲಿ ಬರುವ ಆ ಘಮ ಎಷ್ಟೋ ಕಡೆ ಬಾಳೆಹಣ್ಣಿನ ಎಸೆನ್ಸ್‌ನದ್ದು. ಪಾಕ ಇಳಿಸಿದ ಮೇಲೆ ಒಂದೆರಡು ಹನಿ ಹಾಕಿ, ಹೆಚ್ಚು ಬೇಡ.

ಬೆಂದ ಸಾಗೋಗೆ ತನ್ನದೇ ರುಚಿ ಇಲ್ಲ. ಅದಕ್ಕೇ ಸೋಸಿದ ಕೂಡಲೇ ಸ್ವಲ್ಪ ಪಾಕದಲ್ಲಿ ಮುಳುಗಿಸಿಡಿ, ಕನಿಷ್ಠ ಅರ್ಧ ಗಂಟೆ. ಸಿಹಿ ಒಳಗಿಳಿಯುತ್ತೆ, ಒಂದಕ್ಕೊಂದು ಅಂಟಲ್ಲ.

ಗುಲಾಮನ್ ಬಗ್ಗೆ ಚಿಂತೆ ಬೇಡ, ಅದು ಸಮುದ್ರಪಾಚಿಯದ್ದು. ಅಗರ್ ಅಗರ್, ನಮ್ಮಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ, ಅದೇ. ಒಂದು ಲೀಟರ್ ನೀರಿಗೆ 10 ಗ್ರಾಂ ಹಾಕಿ ಪೂರ್ತಿ ಕರಗುವ ತನಕ ಕುದಿಸಿ, ಸ್ವಲ್ಪ ಸಕ್ಕರೆ ಸೇರಿಸಿ ತಟ್ಟೆಗೆ ಸುರಿಯಿರಿ. ಹೊರಗಿಟ್ಟರೂ ಹೆಪ್ಪುಗಟ್ಟುತ್ತೆ. ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗಲು ಸುಮಾರು 85 ಡಿಗ್ರಿ ಬಿಸಿ ಬೇಕು, ಹಾಗಾಗಿ ನಿಮ್ಮೂರಿನ ಸೆಕೆಗೂ ಜಗ್ಗಲ್ಲ. ಪುಡಿ ಪ್ಯಾಕೆಟ್ ತಂದರೆ ಮಾತ್ರ ಹಿಂದೆ ಬರೆದದ್ದನ್ನು ಓದಿ, ಜೆಲಟಿನ್ ಪುಡಿಯೂ ಪಕ್ಕದಲ್ಲೇ ಇಟ್ಟಿರುತ್ತಾರೆ.

ಹಿಂದಿನ ರಾತ್ರಿ ಪಾಕ ಮಾಡಿಡಿ, ಗುಲಾಮನ್ ಮಾಡಿ ಫ್ರಿಜ್ಜಿನಲ್ಲಿಡಿ. ಸಾಗೋ ಮಾತ್ರ ಆವತ್ತೇ ಬೆಳಿಗ್ಗೆ ಬೇಯಿಸಿ. ಫ್ರಿಜ್ಜಿನ ತಂಪಿಗೆ ಬೆಂದ ಹಿಟ್ಟು ಮತ್ತೆ ಬಿಗಿಯಾಗುತ್ತೆ, ಕಾಳು ಬೆಳ್ಳಗಾಗಿ ಒಳಗೆ ಗಟ್ಟಿ ಹಿಡಿಯುತ್ತೆ. ಉಳಿದರೆ ಮಾರನೇ ದಿನ ಎರಡು ನಿಮಿಷ ಕುದಿನೀರಿಗೆ ಹಾಕಿ ತೆಗೆಯಿರಿ, ಮೆತ್ತಗಾಗುತ್ತೆ. ಕೊಡುವಾಗ ಲೋಟಕ್ಕೆ ಸಾಗೋ, ಗುಲಾಮನ್, ಮೂರು ಚಮಚ ಪಾಕ, ಐಸ್, ಮೇಲೆ ತಣ್ಣೀರು.

ಉತ್ತರ, ಕುವೈತ್‌ನಿಂದ

ಇನ್ನೊಂದು ಸಿಹಿ ಬೇಕು ಅಂದಿದ್ದೀರಿ, ಗಿನತಾಂಗ್ ಬಿಲೋ ಬಿಲೋ ಮಾಡಿ ಅಕ್ಕ. ನಾನು ಮಂಗಳೂರು ಕಡೆಯವನು. ಆಫೀಸಿನಲ್ಲಿ ಫಿಲಿಪಿನೊ ಗೆಳೆಯರು ಡಬ್ಬಿಯಲ್ಲಿ ತಂದುಕೊಟ್ಟಾಗ ಮೊದಲ ಚಮಚಕ್ಕೇ ಮನೆಯ ತೆಂಗಿನಹಾಲಿನ ಪಾಯಸ ನೆನಪಾಯಿತು. ಸೆಬು ಕಡೆಯವರು ಇಂಥದ್ದನ್ನೇ ಬಿನಿಗ್ನಿಟ್ ಅಂತಾರೆ, ಗುಡ್ ಫ್ರೈಡೇ ದಿನ ಮಾಡುತ್ತಾರೆ.

ತೆಂಗಿನಹಾಲು ನಮ್ಮ ಹಾಗೇ ಎರಡು ಸಲ ತೆಗೆಯುವುದು. ತೆಳು ಹಾಲಿನಲ್ಲಿ ಗೆಣಸು, ಕೆಸುವಿನ ಗೆಡ್ಡೆ ತುಂಡು ಬೇಯಿಸಿ. ಅವು ಅರ್ಧ ಬೆಂದಾಗ ಅಂಟಕ್ಕಿ ಹಿಟ್ಟಿನ ಸಣ್ಣ ಉಂಡೆ ಬಿಡಿ. ಅಂಟಕ್ಕಿ ಹಿಟ್ಟೇ ಬೇಕು, ಮಾಮೂಲಿ ಅಕ್ಕಿಹಿಟ್ಟಿನದ್ದು ಆ ಜಿಗುಟು ಕೊಡಲ್ಲ. ಉಂಡೆ ಮೇಲೆ ತೇಲಿದ ಮೇಲೆ ಬಾಳೆಹಣ್ಣು, ಹಲಸಿನ ತೊಳೆ, ಸಕ್ಕರೆ. ಅವರು ಹಾಕುವುದು ಸಬಾ ಬಾಳೆ, ನೇಂದ್ರ ಹಣ್ಣು ಅದರ ಜಾಗದಲ್ಲಿ ಚೆನ್ನಾಗಿ ಕೂರುತ್ತೆ. ಇಲ್ಲಿಗೆ ನಮ್ಮ ಸಣ್ಣ ಸಬ್ಬಕ್ಕಿಯೇ ಸಾಕು, ಬೇರೆ ಪಾತ್ರೆಯಲ್ಲಿ ಬೇಯಿಸಿ ಸೇರಿಸಿ. ಕೊನೆಗೆ ದಪ್ಪ ಹಾಲು ಸುರಿದು ಒಂದು ಬಿಸಿ ಬಂದ ಕೂಡಲೇ ಇಳಿಸಿ. ಕುದಿಸಿದರೆ ಹಾಲು ಒಡೆಯುತ್ತೆ, ಇದು ನಮ್ಮೂರಿನ ಎಲ್ಲ ಅಜ್ಜಿಯರಿಗೂ ಗೊತ್ತಿರುವುದೇ ಅಲ್ವಾ.

ಇಟ್ಟಷ್ಟೂ ಗಟ್ಟಿಯಾಗುತ್ತೆ. ಇಳಿಸುವಾಗ ಬೇಕಾದ್ದಕ್ಕಿಂತ ತೆಳ್ಳಗಿರಲಿ.

ಉತ್ತರ, ಬೆಂಗಳೂರಿನಿಂದ

ಪಾಂಡಾನ್ ಎಲೆ ಬಗ್ಗೆ ಒಂದು ಮಾತು. ಅದು ಕೇದಗೆ ಜಾತಿಯ ಗಿಡ. ಬಾಸ್ಮತಿ ಅಕ್ಕಿಗೆ ಘಮ ಕೊಡುವ ಅಂಶವೇ ಈ ಎಲೆಯಲ್ಲೂ ಇದೆ. ಹಾಗಂತ ಅದರ ಬದಲು ಕೇವ್ಡಾ ನೀರು ಹಾಕಬೇಡಿ, ಹೂವಿನ ವಾಸನೆ ಬಂದು ರುಚಿಯೇ ಬೇರೆಯಾಗುತ್ತೆ. ಎಲೆ ಸಿಗದಿದ್ದರೆ ವೆನಿಲಾ ಎಷ್ಟೋ ವಾಸಿ.

ಒಲೆ ಮುಂದೆ ಜಾಸ್ತಿ ನಿಲ್ಲಲು ಆಗಲ್ಲ ಅಂದ್ರೆ ಬೂಕೋ ಪಾಂಡಾನ್ ಮಾಡಿ. ಎಳನೀರಿನವರ ಹತ್ತಿರ ಗಂಜಿ ಇರುವ ಕಾಯಿ ಕೇಳಿ ತಗೊಳ್ಳಿ. ಗಂಜಿ ತೀರಾ ಲೋಳೆಯಾಗಿರಬಾರದು, ಚಮಚದಲ್ಲಿ ಕೆರೆದರೆ ಎಳೆ ಎಳೆಯಾಗಿ ಬರಬೇಕು. ಎಳನೀರನ್ನು ಚೆಲ್ಲಬೇಡಿ, ಅದರಲ್ಲೇ ಪಾಂಡಾನ್ ಎಲೆ ಹಾಕಿ ಚೈನಾ ಗ್ರಾಸ್ ಕುದಿಸಿ. ಹಸಿರು ಜೆಲ್ಲಿ, ಗಂಜಿ, ಬೆಂದ ಸಣ್ಣ ಸಬ್ಬಕ್ಕಿ, ಕ್ರೀಮ್, ಕಂಡೆನ್ಸ್‌ಡ್ ಮಿಲ್ಕ್, ಎಲ್ಲ ಕಲಸಿ ತಂಪು ಮಾಡುವುದಷ್ಟೇ. ಸಬ್ಬಕ್ಕಿ ಬಡಿಸುವ ಗಂಟೆ ಮುಂಚೆ ಸೇರಿಸಿ, ಫ್ರಿಜ್ಜಿನ ವಿಷಯ ಮೇಲೆ ಹೇಳಿದ್ದಾರಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾನೀಯ ಮತ್ತು ಬಿಲೋ ಬಿಲೋ ಎರಡೂ ಮಾಡುತ್ತೇನೆ. ಇನ್ನೊಂದು ಸಂದೇಹ. ಪಾರ್ಟಿಗೆ ಮೂರು ವರ್ಷದ ಪುಟಾಣಿಗಳೂ ಬರುತ್ತಾರೆ. ಮತ್ತೆ ಪಾಕ ಉಳಿದರೆ ಏನು ಮಾಡಲಿ?

ಉತ್ತರ, ಮೈಸೂರಿನಿಂದ

ಪುಟಾಣಿಗಳಿಗೆ ದಪ್ಪ ಸಾಗೋ ಕೊಡಲೇಬೇಡಿ, ಸ್ಟ್ರಾದಲ್ಲಿ ಎಳೆದಾಗ ನೇರ ಗಂಟಲಿಗೆ ಹೋಗುತ್ತೆ. ಅವರ ಲೋಟಕ್ಕೆ ಚೆನ್ನಾಗಿ ಬೆಂದ ಸಣ್ಣ ಸಬ್ಬಕ್ಕಿ ಹಾಕಿ, ಸ್ಟ್ರಾ ಬದಲು ಚಮಚ ಕೊಡಿ. ಗುಲಾಮನ್ ಸಹ ಸಣ್ಣಗೆ ತುರಿದು ಹಾಕಿ. ಬಿಲೋ ಬಿಲೋದ ಅಕ್ಕಿ ಉಂಡೆಯೂ ಜಿಗುಟು, ಅವರ ಬಟ್ಟಲಿಗೆ ಅದನ್ನು ಬಿಟ್ಟು ಗೆಣಸು, ಮೆತ್ತಗಿನ ಬಾಳೆಹಣ್ಣು ಹಾಕಿ.

ಪಾಕ ಉಳಿದರೆ ಖುಷಿಪಡಿ, ಮಾರನೇ ದಿನ ತಾಹೋ ಮಾಡಬಹುದು. ಮನಿಲಾದಲ್ಲಿ ಬೆಳಿಗ್ಗೆ ತಾಹೋ ಮಾರುವವರು ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ಕಡೆ ಅಲ್ಯೂಮಿನಿಯಂ ಡಬ್ಬ ತೂಗಿಸಿಕೊಂಡು, "ತಾಹೋ…" ಅಂತ ಎಳೆದು ಕೂಗುತ್ತಾ ಬರುತ್ತಾರೆ. ಒಂದು ಡಬ್ಬದಲ್ಲಿ ಬಿಸಿ ಸೋಯಾ ಮೊಸರಿನಂಥ ಮೆತ್ತನೆ ತೋಫು, ಇನ್ನೊಂದರಲ್ಲಿ ಪಾಕ, ಸಾಗೋ. ಚಪ್ಪಟೆ ಸೌಟಿನಲ್ಲಿ ಮೇಲಿನ ನೀರು ಬಸಿದು ಚೆಲ್ಲಿ, ತೋಫುವನ್ನು ತೆಳ್ಳಗೆ ಪದರ ಪದರವಾಗಿ ಲೋಟಕ್ಕೆ ಜಾರಿಸಿ, ಪಾಕ, ಸಾಗೋ ಹಾಕಿಕೊಡುತ್ತಾರೆ. ಮನೆಯಲ್ಲಿ ಮಾಡುವಾಗ ಸಿಲ್ಕನ್ ತೋಫು ಅಂತಲೇ ಕೇಳಿ ತನ್ನಿ, ಗಟ್ಟಿ ತೋಫು ಬೇಡ. ಪೊಟ್ಟಣ ಒಡೆದು, ಒಂದು ಬಟ್ಟಲಲ್ಲಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗಿಡಿ. ಬಿಟ್ಟ ನೀರು ಚೆಲ್ಲಿ, ಬಿಸಿ ಪಾಕ ಸುರಿದು, ಉಳಿದ ಸಾಗೋ ಕುದಿನೀರಿಗೆ ಹಾಕಿ ತೆಗೆದು ಮೇಲೆ ಹಾಕಿ. ಬಿಸಿ ಇರುವಾಗಲೇ ತಿನ್ನಿ.