ಪದ ಬೇಕಿತ್ತು: ಕೀಲೇಟ್ ಮಾಡೋ, ಅಂದ್ರೆ ಲೋಹವನ್ನ ಕಚ್ಚಿ ಹಿಡಿಯೋ ರಾಸಾಯನಿಕಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಜಾಸ್ತಿ, ಬಿಳಿ ಬಕೆಟ್ಟೆಲ್ಲ ತುಕ್ಕಿನ ಬಣ್ಣ ಆಗಿದೆ. ಟೆಸ್ಟ್ ಹೇಗೆ ಮಾಡ್ತಾರೆ ಅಂತ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಬರ್ಕೊಡಿ ಸಾರ್ ಅಂದ್ರು, ನಾನು ಹಿಂದೆ ಲ್ಯಾಬಲ್ಲಿದ್ದೋನು ನೋಡಿ, ಒಪ್ಕೊಂಡೆ, ಈಗ ಒಂದು ಪದದ ಹತ್ರ ಸಿಕ್ಕಾಕ್ಕೊಂಡಿದೀನಿ.

ಟೆಸ್ಟ್ ಕಷ್ಟದ್ದಲ್ಲ. ನೀರಲ್ಲಿ ಕಬ್ಬಿಣ ಫೆರಿಕ್, ಫೆರಸ್ ಅಂತ ಎರಡು ರೂಪದಲ್ಲಿರುತ್ತೆ, ಮೊದ್ಲು ಹೈಡ್ರಾಕ್ಸಿಲಮೀನ್ ಅನ್ನೋ ರಾಸಾಯನಿಕ ಹಾಕಿ ಫೆರಿಕ್ ಕಬ್ಬಿಣವನ್ನೆಲ್ಲ ಫೆರಸ್ ಮಾಡ್ಕೋತೀವಿ, ಆಮೇಲೆ ಬಣ್ಣ ಬರಿಸೋ 1,10-ಫೆನಾಂತ್ರೊಲಿನ್ ಹಾಕ್ತೀವಿ, ಲ್ಯಾಬಲ್ಲಿ ಅದಕ್ಕೆ ಬರೀ ‘ಫೆನ್’. ತಿಳಿಯಾಗಿದ್ದ ನೀರು ಕಿತ್ತಳೆ-ಕೆಂಪಿಗೆ ತಿರುಗುತ್ತೆ, ಕಬ್ಬಿಣ ಕಮ್ಮಿ ಇದ್ರೆ ಎರಡೆಳೆ ಕೇಸರಿ ನೆನೆಹಾಕಿದ ಹಾಗೆ ಅಷ್ಟೆ. ಬಣ್ಣ ಎಷ್ಟು ಗಾಢ ಅಂತ 510 ನ್ಯಾನೋಮೀಟರ್ ತರಂಗಾಂತರದ ಬೆಳಕಲ್ಲಿ ಅಳೀತಾರೆ. ಫೆನ್‌ನ ಒಂದೊಂದು ಅಣುವಲ್ಲೂ ಎರಡು ನೈಟ್ರೋಜನ್, ಆ ಎರಡರಿಂದ ಕಬ್ಬಿಣವನ್ನ ಕಚ್ಚಿ ಹಿಡಿಯುತ್ತೆ, ಹಂಗೆ ಮೂರು ಅಣು ಸೇರಿ ಆರು ಕಡೆ ಹಿಡಿತ.

ಈ ಹಿಡಿತಕ್ಕೇ ಪದ ಬೇಕಾಗಿರೋದು. 1920ರಲ್ಲಿ ಮಾರ್ಗನ್, ಡ್ರೂ ಅನ್ನೋರು ಕೀಲೇಟ್ ಅಂತ ಹೆಸರಿಟ್ರು, ಗ್ರೀಕಿನಲ್ಲಿ ಏಡಿಯ ಕೊಂಡಿಗೆ ಇರೋ ಪದದಿಂದ. ನಮ್ಮ ಗೊಬ್ಬರದಂಗಡೀಲಿ ಅದೇ ‘ಚಿಲೇಟೆಡ್ ಜಿಂಕ್’ ಆಗಿದೆ, ಚೀಲದಲ್ಲಿ ಬರತ್ತಲ್ಲ ಅದಕ್ಕೇ ಇರಬೇಕು ಅಂದ್ಕೊಂಡೋರನ್ನೂ ನೋಡಿದೀನಿ!

ಕಾರಕ ಅಂತ ಬರೆಯೋಣ ಅಂದ್ರೆ ಅದು ಟೆಸ್ಟಿಗೆ ಹಾಕೋ ಎಲ್ಲ ರಾಸಾಯನಿಕಕ್ಕೂ (ರಿಯೇಜೆಂಟಿಗೂ) ಆಯ್ತು, ನಂಗಂತೂ ಕಾರಕ ಅಂದ ತಕ್ಷಣ ವಿಭಕ್ತಿ ಪ್ರತ್ಯಯ ನೆನಪಾಗುತ್ತೆ. ಕೀಲೇಟ್‌ಗೆ ನಮ್ಮ ‘ಕೀಲಿಸು’ ಎಷ್ಟು ಹತ್ರ ಇದೆ ನೋಡಿ, ಸಂಬಂಧ ಇಲ್ದಿದ್ರೂ ಕಿವಿಗೆ ಚೆನ್ನಾಗಿದೆ, ಕಣ್ಣು ಕೀಲಿಸಿ ನೋಡ್ದ ಅಂತೀವಲ್ಲ ಅದೇ. ಆದ್ರೆ ಕೀಲು ಹೊಡೆದ್ರೆ ಹಿಡಿತ ಒಂದೇ ಕಡೆ, ಇಲ್ಲಿ ಎರಡು ಕಡೆಯಿಂದ ಅಮುಕಬೇಕು. ಮನೇಲಿ ಕೇಳ್ದೆ, ಬಿಸಿ ಪಾತ್ರೆ ಇಳಿಸ್ತಿದ್ದ ನಮ್ಮನೆಯವ್ರು ಕೈಲಿದ್ದ ಇಕ್ಕಳ ತೋರ್ಸಿ ಇದಲ್ವಾ ಅಂದ್ರು. ನೋಟಿಸಿಗೆ ಸದ್ಯಕ್ಕೆ ‘ಕಬ್ಬಿಣವನ್ನು ಇಕ್ಕಳದಂತೆ ಹಿಡಿಯುವ ರಾಸಾಯನಿಕ’ ಅಂತ ಬರ್ದಿದೀನಿ, ಉದ್ದ ಆಯ್ತು.

‘ಇಕ್ಕಳಿಗ’ ಅಂದ್ರೆ ನಗ್ತೀರಾ? ಇನ್ನೊಂದು, ನಮ್ಮ ಕಡೆ ಏಡಿಯ ಆ ದೊಡ್ಡ ಮುಂಗಾಲನ್ನ ಕೊಂಡಿ ಅಂತೀವಿ, ಚೇಳಿನ ಬಾಲಕ್ಕೂ ಅದೇ ಪದ. ಏಡಿ ಹಿಡಿದು ತಿನ್ನೋ ಊರಿನೋರು ಅದಕ್ಕೆ ಬೇರೆ ಹೆಸರೇನಾದ್ರೂ ಇಟ್ಕೊಂಡಿದೀರಾ?